ವೈರಿನಲ್ಲಿ ಹೋಗುವುದು ಸದ್ದಲ್ಲ: ಕೀಬೋರ್ಡ್ ಜೋಡಣೆ, ಓದುಗರ ಪ್ರಶ್ನೆಗಳು

ಕೀಬೋರ್ಡನ್ನು ಇನ್ನೊಂದು ಕೀಬೋರ್ಡಿಗೆ, ರಿದಂ ಪ್ಯಾಡಿಗೆ (ಬಡಿದರೆ ತಾಳವಾದ್ಯದ ಸದ್ದು ಕೊಡುವ ಚೌಕಗಳ ಹಲಗೆ), ಲ್ಯಾಪ್‌ಟಾಪಿಗೆ ಜೋಡಿಸುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ತೊಂದರೆಯನ್ನು ನಾಲ್ಕಾರು ಜನ ಬರೆದಿದ್ದರೆ ಅದರಲ್ಲಿ ಒಂದು ಪತ್ರವನ್ನಷ್ಟೇ ಆರಿಸಿದ್ದೇವೆ.

ಪ್ರ: ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಾ ಬಂದವನು ನಾನು. ಈಗ ಒಂದು ಹಳೇ ಕೀಬೋರ್ಡ್ ಕೊಂಡಿದ್ದೇನೆ. ಅದರ ಹಿಂದೆ ಐದು ತೂತಿನ ದುಂಡನೆ ಸಾಕೆಟ್ ಎರಡಿವೆ, ಪ್ಯಾಡ್ ಹುಡುಗನ ಪ್ಯಾಡಿನಲ್ಲೂ ಅಂಥವೇ ಇವೆ. ಎರಡಕ್ಕೂ ಕೇಬಲ್ ಹಾಕಿದರೆ ನನ್ನ ಸದ್ದು ಪ್ಯಾಡಿನ ಮೂಲಕವೇ ಸೌಂಡ್ ಮಿಕ್ಸರಿಗೆ ಹೋಗುತ್ತದೆ, ಒಂದು ವೈರ್ ಉಳಿಯುತ್ತದೆ ಅಂದುಕೊಂಡೆ. ಹಾಗಾಗಲಿಲ್ಲ. ದುರ್ಯೋಧನನ ಪ್ರವೇಶಕ್ಕೆ ಕೀಬೋರ್ಡಿನ ಮನೆ (ಕೀ) ಒತ್ತಿದರೆ ಪ್ಯಾಡಿನಲ್ಲಿ ಢೋಲಕ್ ಬಡಿದುಕೊಳ್ಳುತ್ತದೆ!
– ನಾಟಕದ ಮಾಸ್ಟರ್, ಗುಬ್ಬಿ ತಾಲ್ಲೂಕು

ಉ: ಮಾಸ್ಟರೇ, ನಿಮ್ಮ ಕೇಬಲ್ಲೂ ಸರಿಯಿದೆ, ಎರಡು ವಾದ್ಯಗಳೂ ಸರಿಯಿವೆ. ಆ ಐದು ತೂತಿನ ಸಾಕೆಟ್ಟಿನ ಹೆಸರು ಮಿಡಿ. ಮಾವಿನಮಿಡಿಯಲ್ಲ, ವೀಣೆ ಮಿಡಿಯುವ ಮಿಡಿಯೂ ಅಲ್ಲ. ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಎಂಬುದರ ಮೊದಲಕ್ಷರಗಳು. ಅದರೊಳಗೆ ಸದ್ದು ಹರಿಯುವುದಿಲ್ಲ. ‘60ನೇ ಮನೆ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು’ ಎಂಬ ಸುದ್ದಿ ಮಾತ್ರ ಹೋಗುತ್ತದೆ. ಮಿಡಿಯಲ್ಲಿ ಪ್ರತಿ ಮನೆಗೂ ಒಂದು ಸಂಖ್ಯೆ; 60 ಎಂದರೆ ನಡುವಿನ ‘ಸಿ’. ಆ ಸುದ್ದಿ ಕೇಳಿದ ವಾದ್ಯ ತನ್ನ ಹೊಟ್ಟೆಯಲ್ಲಿರುವ ಸದ್ದನ್ನು ನುಡಿಸುತ್ತದೆ. ಪ್ಯಾಡಿನ ಹೊಟ್ಟೆಯಲ್ಲಿರುವುದು ಢೋಲಕ್ಕು, ತಬಲಾ. ಅದು ಇನ್ನೇನು ನುಡಿಸೀತು?

1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಪ್ರಾಫೆಟ್-600 ಮತ್ತು ರೋಲ್ಯಾಂಡ್‌ನ ಜುಪಿಟರ್-6 ಎಂಬ ಎರಡು ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಹೀಗೆ ಜೋಡಿಸಿ ತೋರಿಸಿದರು. ಅಂದಿನ ವೇಗ ಸೆಕೆಂಡಿಗೆ 31,250 ಬಿಟ್. ಐದು ಪಿನ್ನಿನ ಮಿಡಿಯಲ್ಲಿ ಇಂದಿಗೂ ಅಷ್ಟೇ. ಒಂದು ಮನೆ ಒತ್ತಿದ ಸುದ್ದಿ ಮೂರು ಬೈಟ್, ದಾಟಲು ಸುಮಾರು 1 ಮಿಲಿಸೆಕೆಂಡ್ ಸಾಕು. ಹಾಗಾಗಿಯೇ ನಿಮ್ಮ ಹಳೇ ಕೀಬೋರ್ಡಿನ ಮಾತು ಹೊಸ ಪ್ಯಾಡಿಗೂ ಅರ್ಥವಾಗುತ್ತದೆ.

ಸದ್ದಿಗೆ ಬೇರೆ ದಾರಿ ಬೇಕೇ ಬೇಕು. ಕೀಬೋರ್ಡಿನ ಲೈನ್ ಔಟ್‌ನಿಂದ (ಲೆಫ್ಟ್/ಮೋನೋ ಎಂದು ಬರೆದಿರುವ ತೂತು) 6.3 ಮಿ.ಮೀ. ಜ್ಯಾಕಿನ ವೈರ್ ಮಿಕ್ಸರಿನ ಒಂದು ಚಾನೆಲ್‌ಗೆ, ಪ್ಯಾಡಿನಿಂದ ಇನ್ನೊಂದು ವೈರ್ ಮತ್ತೊಂದು ಚಾನೆಲ್‌ಗೆ. ಈ ವೈರುಗಳನ್ನು ಉಳಿಸಲು ಬರುವುದಿಲ್ಲ.

ಇನ್ನು ಢೋಲಕ್ ಯಾಕೆ ಬಡಿಯಿತು? ಒಂದು ಮಿಡಿ ಕೇಬಲ್ಲಿನಲ್ಲಿ 16 ಚಾನೆಲ್‌ಗಳಿವೆ. ಕೀಬೋರ್ಡ್ ಸಾಮಾನ್ಯವಾಗಿ 1ರಲ್ಲಿ ಮಾತಾಡುತ್ತದೆ. ತಾಳವಾದ್ಯಕ್ಕೆ 10 ಎಂಬುದು ರೂಢಿ. ನಿಮ್ಮ ಪ್ಯಾಡು 1ರಲ್ಲೇ ಕಿವಿಕೊಟ್ಟಿದೆ, ಇಲ್ಲವೇ ‘ಓಮ್ನಿ’ ಆನ್ ಆಗಿದ್ದು ಹದಿನಾರಕ್ಕೂ ಕಿವಿ ತೆರೆದಿದೆ. ಪ್ಯಾಡಿನ ಮಿಡಿ ಮೆನುವಿನಲ್ಲಿ ಓಮ್ನಿ ಆಫ್, ಚಾನೆಲ್ 10 ಎಂದಿಡಿ. ಕೀಬೋರ್ಡಿನಲ್ಲಿ ರಿದಂ ಓಡಿಸುವ ಅಭ್ಯಾಸವಿದ್ದರೆ ಅದೂ 10ರಲ್ಲೇ ಹೊರಗೆ ಹೋಗಬಹುದು. ಹಾಗಾದರೆ ಕೇಬಲ್ ಕಿತ್ತುಬಿಡಿ. ನಿಮ್ಮ ಕೆಲಸಕ್ಕೆ ಅದರ ಅಗತ್ಯವೇ ಇಲ್ಲ.

ಅಗತ್ಯ ಬೀಳುವುದು ಉಲ್ಟಾ ದಿಕ್ಕಿನಲ್ಲಿ: ಹುಡುಗ ಪ್ಯಾಡ್ ಹೊಡೆದರೆ ನಿಮ್ಮ ಕೀಬೋರ್ಡಿನ ಒಳ್ಳೆಯ ತಬಲಾ ಕೇಳಬೇಕು ಎಂದಾದರೆ. ಆಗ ಪ್ಯಾಡಿನ ಔಟ್‌ನಿಂದ ಕೀಬೋರ್ಡಿನ ಇನ್‌ಗೆ ಕೇಬಲ್. ಯಾವಾಗಲೂ ಒಂದರ ಔಟ್ ಇನ್ನೊಂದರ ಇನ್‌ಗೆ; ಹೇಳುವವನ ಬಾಯಿ ಕೇಳುವವನ ಕಿವಿಗೆ. ಆದರೆ ಇಲ್ಲೊಂದು ತೊಡಕಿದೆ. ಜನರಲ್ ಮಿಡಿ ಎಂಬ ಒಪ್ಪಂದದ ಪ್ರಕಾರ 36ನೇ ಮನೆ ಬೇಸ್ ಡ್ರಮ್, 38 ಸ್ನೇರ್, 42 ಮುಚ್ಚಿದ ಹೈಹ್ಯಾಟ್. ತಬಲಾ, ಢೋಲಕ್, ಮೃದಂಗಗಳಿಗೆ ಅದರಲ್ಲಿ ಜಾಗವನ್ನೇ ಕೊಟ್ಟಿಲ್ಲ. ಒಂದೊಂದು ಕಂಪನಿ ಒಂದೊಂದು ಮನೆಗೆ ಕೂರಿಸಿದೆ. ಆದ್ದರಿಂದ ಕೀಬೋರ್ಡಿನಲ್ಲಿ ತಬಲಾ ಕಿಟ್ ಹಾಕಿ, ಎಡಗಡೆಯಿಂದ ಒಂದೊಂದೇ ಮನೆ ಒತ್ತಿ, ‘ಧಾ’ ಎಲ್ಲಿ, ‘ತಿನ್’ ಎಲ್ಲಿ ಎಂದು ಬರೆದುಕೊಳ್ಳಿ. ಆ ನೋಟ್ ಸಂಖ್ಯೆಗಳನ್ನು ಪ್ಯಾಡಿನ ಒಂದೊಂದು ಚೌಕಕ್ಕೂ ತುಂಬಿ. ಅಕ್ಷರ ನೋಡಿ ತುಂಬಬೇಡಿ, ಸಂಖ್ಯೆ ನೋಡಿ: ಅದೇ 60ನೇ ಮನೆಯನ್ನು ಯಮಹಾ ಕೈಪಿಡಿ ಸಿ3 ಎನ್ನುತ್ತದೆ, ರೋಲ್ಯಾಂಡ್ ಸಿ4 ಎನ್ನುತ್ತದೆ. ‘ಧಾ’ ಬರಬೇಕಾದ ಕಡೆ ಗಂಟೆ ಬಾರಿಸಿದರೆ ಕಾರಣ ಬಹುಪಾಲು ಇದೇ, 12 ಮನೆಗಳ ವ್ಯತ್ಯಾಸ.

ಪ್ರ: ನಮ್ಮ ಆರ್ಕೆಸ್ಟ್ರಾದ ಎರಡು ಕೀಬೋರ್ಡಿನಲ್ಲೂ ಯುಎಸ್‌ಬಿ ಮಾತ್ರ ಇದೆ. ಎರಡೂ ತುದಿಗೆ ಚೌಕ ಪಿನ್ ಇರುವ ಕೇಬಲ್ ಮಾಡಿಸಿ ಹಾಕಿದೆವು, ಏನೂ ಆಗಲಿಲ್ಲ. ಆಮೇಲೆ ಮಿಡಿ–ಯುಎಸ್‌ಬಿ ಕೇಬಲ್ ಕೊಂಡು ನಮ್ಮ ಇನ್ನೊಂದು ಹಳೇ ಐದು ಪಿನ್ನಿನ ಕೀಬೋರ್ಡಿಗೆ ಜೋಡಿಸಿದೆವು, ಅದೂ ದಂಡ.
– ತಿಪಟೂರು

ಉ: ಚೌಕ ಯುಎಸ್‌ಬಿ ಸಾಕೆಟ್ಟಿನ ಪಕ್ಕ ‘ಟು ಹೋಸ್ಟ್’ ಎಂದು ಬರೆದಿರುತ್ತದೆ, ನೋಡಿ. ಯುಎಸ್‌ಬಿಯಲ್ಲಿ ಒಬ್ಬ ಯಜಮಾನ ಇರಲೇಬೇಕು. ಅವನು ಕೇಳಿದಾಗಷ್ಟೇ ಉಳಿದವರು ಬಾಯಿ ಬಿಡುತ್ತಾರೆ. ನಿಮ್ಮ ಎರಡು ಕೀಬೋರ್ಡುಗಳೂ ಮದುವೆಮನೆ ಬಾಗಿಲಲ್ಲಿ ‘ಯಾರಾದರೂ ಒಳಗೆ ಕರೆಯಲಿ’ ಎಂದು ನಿಂತ ನೆಂಟರ ಹಾಗೆ. ಕರೆಯುವವರು ಯಾರೂ ಇಲ್ಲ.

ಮಿಡಿ–ಯುಎಸ್‌ಬಿ ಕೇಬಲ್ಲಿನ ಮಧ್ಯದ ಪುಟ್ಟ ಡಬ್ಬಿಯೂ ಯಜಮಾನನಲ್ಲ, ಅದೂ ನೆಂಟನೇ. ಅದನ್ನು ಕಂಪ್ಯೂಟರಿಗೆಂದೇ ಮಾಡಿದ್ದಾರೆ. ಕೀಬೋರ್ಡಿನಿಂದ ಕೀಬೋರ್ಡಿಗೆ ಎಂದು ಇದನ್ನು ಕೊಂಡು ದುಡ್ಡು ಕಳೆದುಕೊಂಡವರ ಪತ್ರಗಳೇ ಹೆಚ್ಚು. ಕೀಬೋರ್ಡಿನಲ್ಲಿರುವ ಚಪ್ಪಟೆ ‘ಟು ಡಿವೈಸ್’ ತೂತೂ ಬಹಳಷ್ಟು ಮಾಡೆಲ್‌ಗಳಲ್ಲಿ ಪೆನ್‌ಡ್ರೈವಿಗೆ ಮಾತ್ರ.

ದಾರಿ ಎರಡು. ಮಧ್ಯೆ ಒಂದು ಲ್ಯಾಪ್‌ಟಾಪ್ ಇಟ್ಟು, ಒಂದು ಕೀಬೋರ್ಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಕಳಿಸುವಂತೆ ಸಾಫ್ಟ್‌ವೇರಿನಲ್ಲಿ ಹೇಳುವುದು. ಚಿಕ್ಕ ರಾಸ್‌ಬೆರಿ ಪೈ ಬೋರ್ಡ್ (ಅಂಗೈಯಷ್ಟರ ಕಂಪ್ಯೂಟರ್) ಕೂಡ ಈ ಕೆಲಸ ಮಾಡುತ್ತದೆ. ವೇದಿಕೆಗೆ ಇನ್ನೂ ವಾಸಿ ಎಂದರೆ ‘ಯುಎಸ್‌ಬಿ ಮಿಡಿ ಹೋಸ್ಟ್’ ಡಬ್ಬಿ. 5 ವೋಲ್ಟ್ ಮೊಬೈಲ್ ಚಾರ್ಜರಿನಲ್ಲಿ ಓಡುವಂಥವು ಸಿಗುತ್ತವೆ. ಹೊಸ ಕೀಬೋರ್ಡಿನ ಚೌಕ ಸಾಕೆಟ್ಟಿನಿಂದ ಡಬ್ಬಿಯ ಚಪ್ಪಟೆ ತೂತಿಗೆ ಮಾಮೂಲಿ ಪ್ರಿಂಟರ್ ಕೇಬಲ್, ಡಬ್ಬಿಯ ಮಿಡಿ ಔಟ್‌ನಿಂದ ಹಳೇ ಕೀಬೋರ್ಡಿನ ಮಿಡಿ ಇನ್‌ಗೆ ಐದು ಪಿನ್ನಿನ ಕೇಬಲ್. ಎರಡೂ ಯುಎಸ್‌ಬಿಯವೇ ಆದರೆ ಎರಡು ಯುಎಸ್‌ಬಿ ತೂತಿರುವ ಡಬ್ಬಿಯನ್ನೇ ಕೇಳಿ ಕೊಳ್ಳಬೇಕು. ಇಂಥ ಡಬ್ಬಿಗೆ ಡ್ರೈವರ್ (ವಾದ್ಯವನ್ನು ಗುರುತಿಸುವ ಸಾಫ್ಟ್‌ವೇರ್) ತುಂಬಿಸಲು ಬರುವುದಿಲ್ಲವಾದ್ದರಿಂದ ಕೀಬೋರ್ಡು ‘ಕ್ಲಾಸ್ ಕಂಪ್ಲಯಂಟ್’, ಅಂದರೆ ಬೇರೆ ಡ್ರೈವರ್ ಇಲ್ಲದೆ ಓಡುವಂಥದು ಆಗಿರಬೇಕು. ರೋಲ್ಯಾಂಡ್‌ನ ಕೆಲವು ವಾದ್ಯಗಳ ಸಿಸ್ಟಂ ಮೆನುವಿನಲ್ಲಿ ಯುಎಸ್‌ಬಿ ಡ್ರೈವರ್ ‘ವೆಂಡರ್’, ‘ಜೆನೆರಿಕ್’ ಎಂದು ಎರಡು ಆಯ್ಕೆ ಇರುತ್ತವೆ. ಜೆನೆರಿಕ್ ಮಾಡಿ, ಸೇವ್ ಮಾಡಿ, ಒಮ್ಮೆ ಆಫ್ ಮಾಡಿ ಆನ್ ಮಾಡಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟದಿರಲಿ. ಐದು ಪಿನ್ನಿನದು 15 ಮೀಟರ್‌ವರೆಗೆ ಎಳೆಯುತ್ತದೆ.

ಪ್ರ: ಚರ್ಚಿನ ಗಾಯನವೃಂದಕ್ಕೆ ನುಡಿಸುವ ಕೀಬೋರ್ಡನ್ನು ರೆಕಾರ್ಡಿಂಗಿಗಾಗಿ ಲ್ಯಾಪ್‌ಟಾಪಿಗೆ ಹಾಕಿದಾಗಿನಿಂದ ಪ್ರತಿ ಸ್ವರವೂ ಎರಡೆರಡು ಸಲ ಕೇಳುತ್ತದೆ, ಮೂಗಿನಲ್ಲಿ ಹಾಡಿದ ಹಾಗೆ. ದೊಡ್ಡ ಕಾರ್ಡ್ ಹಿಡಿದರೆ ಕೆಲವು ಸ್ವರ ನುಂಗಿಹೋಗುತ್ತವೆ.
– ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉ: ನೀವು ಒತ್ತಿದ ಮನೆಯನ್ನು ಕೀಬೋರ್ಡ್ ತಾನೂ ನುಡಿಸುತ್ತದೆ, ಲ್ಯಾಪ್‌ಟಾಪಿಗೂ ಹೇಳುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಅದನ್ನೇ ವಾಪಸ್ ಕೀಬೋರ್ಡಿಗೆ ಕಳಿಸುತ್ತದೆ, ಅದು ಮತ್ತೆ ನುಡಿಸುತ್ತದೆ. ಎರಡರ ನಡುವೆ ಕೆಲವೇ ಮಿಲಿಸೆಕೆಂಡ್ ಅಂತರ. ಅದೇ ಆ ಮೂಗಿನ ಧ್ವನಿ. 32 ಸ್ವರ ಒಟ್ಟಿಗೆ ನುಡಿಸಬಲ್ಲ ಕೀಬೋರ್ಡಿಗೆ ಈಗ ಉಳಿದದ್ದು 16, ಅದಕ್ಕೇ ನುಂಗುತ್ತದೆ.

ಕೀಬೋರ್ಡಿನ ಮಿಡಿ ಮೆನುವಿನಲ್ಲಿ ‘ಲೋಕಲ್ ಕಂಟ್ರೋಲ್’ ಹುಡುಕಿ ಆಫ್ ಮಾಡಿ. ಮನೆಗಳಿಗೂ ಒಳಗಿನ ಸದ್ದಿಗೂ ಇರುವ ನೇರ ಸಂಬಂಧ ಆಗ ಕಡಿಯುತ್ತದೆ, ಲ್ಯಾಪ್‌ಟಾಪ್ ಹೇಳಿದ್ದಷ್ಟೇ ನುಡಿಯುತ್ತದೆ. ಮೆನುವಿನಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರಿನಿಂದ ಕಂಟ್ರೋಲ್ ನಂಬರ್ 122ಕ್ಕೆ 0 ಕಳಿಸಿದರೂ ಆದೀತು. ರೆಕಾರ್ಡಿಂಗ್ ಮುಗಿದ ಮೇಲೆ ಮರೆಯದೆ ಆನ್ ಮಾಡಿ. ಇಲ್ಲವಾದರೆ ಭಾನುವಾರ ಬೆಳಿಗ್ಗೆ ಕೇಬಲ್ ಇಲ್ಲದೆ ಕೂತಾಗ ಕೀಬೋರ್ಡ್ ಉಸಿರೇ ಎತ್ತುವುದಿಲ್ಲ, ಕೆಟ್ಟುಹೋಯಿತೆಂದು ರಿಪೇರಿಗೆ ಒಯ್ಯುತ್ತೀರಿ.

ಲ್ಯಾಪ್‌ಟಾಪಿನ ಪಿಯಾನೋ ಸದ್ದನ್ನೇ ಕೇಳಬೇಕೆಂದಿದ್ದು, ಒತ್ತಿದ ಮೇಲೆ ತಡವಾಗಿ ಕೇಳಿದರೆ ಅದು ಬಫರಿನ (ಸದ್ದನ್ನು ಕೊಂಚ ಕೂಡಿಟ್ಟು ಕಳಿಸುವ ಜಾಗದ) ವಿಷಯ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ 1024ರ ಬಫರ್ ಎಂದರೆ 23 ಮಿಲಿಸೆಕೆಂಡ್, ಕೈಗೆ ಗೊತ್ತಾಗುತ್ತದೆ; 256 ಎಂದರೆ 6ಕ್ಕೆ ತುಸು ಕಮ್ಮಿ, ಸಾಕು. ವಿಂಡೋಸ್‌ನಲ್ಲಿ ಏಸಿಯೋ (ASIO) ಎಂಬ ಸದ್ದಿನ ಡ್ರೈವರ್ ಇಲ್ಲದೆ ಇಷ್ಟು ಕೆಳಗೆ ಇಳಿಸುವುದು ಕಷ್ಟ. ತೀರಾ ಇಳಿಸಿದರೆ ಪಟಪಟ ಸಿಡಿಯುತ್ತದೆ. ಸಿಡಿತ ನಿಲ್ಲುವವರೆಗೆ ಒಂದೊಂದೇ ಮೆಟ್ಟಿಲು ಏರಿಸಿ.

ಪ್ರ: ನಮ್ಮದು ತತ್ವಪದಗಳ ಭಜನಾ ಮಂಡಳಿ. ಕೀಬೋರ್ಡಿನ ಬೆಂಡ್ (ಸ್ವರ ಜಾರಿಸುವ) ಚಕ್ರದಿಂದ ಗಮಕ ತರುತ್ತೇನೆ. ಕೊಳಲು, ಶಹನಾಯ್ ಸದ್ದಿಗಾಗಿ ಒಂದು ಸೌಂಡ್ ಮಾಡ್ಯೂಲ್ (ಮನೆಗಳಿಲ್ಲದ, ಸದ್ದಷ್ಟೇ ಇರುವ ಪೆಟ್ಟಿಗೆ) ಜೋಡಿಸಿದ ಮೇಲೆ ನೇರ ಸ್ವರಗಳೆಲ್ಲ ಸರಿ, ಚಕ್ರ ತಿರುಗಿಸಿದ ಕೂಡಲೇ ಅಪಸ್ವರ. ಹಾಡುವವರಿಗೆಂದು ಟ್ರಾನ್ಸ್‌ಪೋಸ್ ಮಾಡಿದರೆ (ಶ್ರುತಿ ಏರಿಳಿಸಿದರೆ) ಎರಡೂ ಬೇರೆ ಬೇರೆ ಶ್ರುತಿಗೆ ಹೋಗುತ್ತವೆ. ಹಾರ್ಮೋನಿಯಂ ಜೊತೆಗಂತೂ ಕೂಡುವುದೇ ಇಲ್ಲ.
– ಕೈವಾರ, ಚಿಂತಾಮಣಿ ತಾಲ್ಲೂಕು

ಉ: ಮೂರೂ ಬೇರೆ ಬೇರೆ ಕಾಯಿಲೆ.

ಮೊದಲು ಬೆಂಡ್. ಚಕ್ರ ತಿರುಗಿಸಿದಾಗ ಕೇಬಲ್ಲಿನಲ್ಲಿ ಹೋಗುವುದು ಸ್ವರವಲ್ಲ, ಚಕ್ರ ಎಲ್ಲಿದೆ ಎಂಬ ಸಂಖ್ಯೆ: 0ಯಿಂದ 16,383ರವರೆಗೆ, ನಡುವಿನ 8,192 ಎಂದರೆ ಚಕ್ರ ನೆಟ್ಟಗಿದೆ ಎಂದು. ಪೂರ್ತಿ ತಿರುಗಿಸಿದರೆ ಎಷ್ಟು ಮನೆ ಏರಬೇಕು ಎಂಬುದನ್ನು ಕೇಳುವ ವಾದ್ಯವೇ ತೀರ್ಮಾನಿಸುತ್ತದೆ. ನೀವು ಕೀಬೋರ್ಡಿನಲ್ಲಿ ಗಮಕಕ್ಕೆಂದು 4 ಇಟ್ಟುಕೊಂಡಿರಬಹುದು. ಮಾಡ್ಯೂಲ್ ಹುಟ್ಟಿನಿಂದ ಬಂದ 2ರಲ್ಲೇ ಇದೆ. ಷಡ್ಜದಿಂದ ಚಕ್ರವನ್ನು ಪೂರ್ತಿ ಮೇಲಕ್ಕೆ ತಳ್ಳಿದರೆ ಕೀಬೋರ್ಡು ಅಂತರ ಗಾಂಧಾರ ಮುಟ್ಟುತ್ತದೆ, ಮಾಡ್ಯೂಲ್ ಚತುಶ್ರುತಿ ರಿಷಭದಲ್ಲೇ ನಿಲ್ಲುತ್ತದೆ. ಎರಡರಲ್ಲೂ ಬೆಂಡ್ ರೇಂಜ್ ಒಂದೇ ಮಾಡಿ. ಮಾಡ್ಯೂಲಿನಲ್ಲಿ ಗುಂಡಿ ಇಲ್ಲದಿದ್ದರೆ ಸಾಫ್ಟ್‌ವೇರಿನಿಂದ ಅದೇ ಚಾನೆಲ್‌ನಲ್ಲಿ ಕಂಟ್ರೋಲ್ 101ಕ್ಕೆ 0, 100ಕ್ಕೆ 0, ಆಮೇಲೆ 6ಕ್ಕೆ 4, ಇದೇ ಕ್ರಮದಲ್ಲಿ ಕಳಿಸಿ. ಕೊನೆಗೆ 101ಕ್ಕೂ 100ಕ್ಕೂ 127 ಕಳಿಸಿ ಬಾಗಿಲು ಹಾಕಿ. ಹಾಕದಿದ್ದರೆ ಮುಂದೆ ಎಂದಾದರೂ 6ನೇ ಕಂಟ್ರೋಲ್ ಅಲುಗಿದಾಗ ರೇಂಜ್ ಬದಲಾಗಿಬಿಡುತ್ತದೆ.

ಇದೇ ಮಾತಿಗೆ ಇನ್ನೊಂದು. ಬೆಂಡ್ ಇಡೀ ಚಾನೆಲ್ಲಿಗೆ ಅನ್ವಯಿಸುತ್ತದೆ, ಒಂದು ಮನೆಗಲ್ಲ. ಎಡಗೈಯಲ್ಲಿ ಸ–ಪ ಹಿಡಿದು ಬಲಗೈಯಲ್ಲಿ ಗಮಕ ಎಳೆದರೆ ಶ್ರುತಿಯೂ ಜೊತೆಗೆ ಜಾರುತ್ತದೆ. ಸ್ಪ್ಲಿಟ್ ಹಾಕಿ ಎಡಭಾಗವನ್ನು 2ನೇ ಚಾನೆಲ್‌ಗೆ, ಬಲಭಾಗವನ್ನು 1ಕ್ಕೆ ಕೊಡಿ. ಮಾಡ್ಯೂಲಿನ ಶಹನಾಯ್ 1ನೇ ಚಾನೆಲ್ ಮಾತ್ರ ಕೇಳಲಿ. ಶ್ರುತಿಪೆಟ್ಟಿಗೆ ಬೇರೆ ಇದ್ದರೆ ಎಡಗೈಗೆ ಈ ಕೆಲಸವೇ ಬೇಡ.

ಟ್ರಾನ್ಸ್‌ಪೋಸ್. ಕೆಲವು ಕೀಬೋರ್ಡುಗಳು ಸರಿಸಿದ ಮನೆಯ ಸಂಖ್ಯೆಯನ್ನೇ ಹೊರಗೆ ಕಳಿಸುತ್ತವೆ, ಕೆಲವು ಒತ್ತಿದ ಮನೆಯನ್ನೇ ಹೇಳಿ ಒಳಗಿನ ಸದ್ದನ್ನಷ್ಟೇ ಸರಿಸುತ್ತವೆ. ನಿಮ್ಮದು ಯಾವುದು ಎಂದು ತಿಳಿಯಲು ಮಾಡ್ಯೂಲಿನ ಟ್ರಾನ್ಸ್‌ಪೋಸ್ 0 ಇಟ್ಟು, ಕೀಬೋರ್ಡಿನ ವಾಲ್ಯೂಮ್ ಪೂರಾ ಇಳಿಸಿ, ಟ್ರಾನ್ಸ್‌ಪೋಸ್ +3 ಮಾಡಿ ಬಿಳಿ ಒಂದು (‘ಸಿ’) ಒತ್ತಿ. ಮಾಡ್ಯೂಲ್ ಕರಿ ಎರಡರ ಸ್ವರ, ಅಂದರೆ ಎರಡೂವರೆ ಮನೆ ಶ್ರುತಿ ನುಡಿಸಿದರೆ ಸುದ್ದಿ ಸರಿದೇ ಹೋಗುತ್ತಿದೆ, ಮಾಡ್ಯೂಲನ್ನು ಮುಟ್ಟಬೇಡಿ. ಅದರಲ್ಲೂ +3 ಮಾಡಿದಿರೋ, ಹಾಡುವವರು ಎರಡೂವರೆಯಲ್ಲಿ, ಶಹನಾಯ್ ನಾಲ್ಕೂವರೆಯಲ್ಲಿ! ಬಿಳಿ ಒಂದೇ ಕೇಳಿದರೆ ಮಾತ್ರ ಎರಡರಲ್ಲೂ +3 ಇಡಬೇಕು. ಹಾಡಿನ ನಡುವೆ ಟ್ರಾನ್ಸ್‌ಪೋಸ್ ಗುಂಡಿಗೆ ಕೈ ಹಾಕಬೇಡಿ. ಒತ್ತಿದ್ದು ಒಂದು ಸಂಖ್ಯೆ, ಬಿಟ್ಟದ್ದು ಇನ್ನೊಂದು ಸಂಖ್ಯೆ ಆಗಿ, ಬಿಟ್ಟ ಸುದ್ದಿ ತಲುಪದೆ ಆ ಸ್ವರ ಕೂಗುತ್ತಲೇ ಇರಬಹುದು.

ಹಾರ್ಮೋನಿಯಂ ವಿಷಯ ಮಿಡಿಯದ್ದಲ್ಲ. ಕೀಬೋರ್ಡು ಕಾರ್ಖಾನೆಯಿಂದ ಬರುವುದು ‘ಎ’ ಎಂದರೆ 440 ಹರ್ಟ್ಸ್ ಎಂಬ ಲೆಕ್ಕದಲ್ಲಿ. ಹಾರ್ಮೋನಿಯಂ ರೀಡುಗಳು ಆ ಲೆಕ್ಕಕ್ಕೇ ಇರುತ್ತವೆಂದು ಹೇಳಲಾಗದು. ಕೂತಲ್ಲೇ ರೀಡ್ ಕೆರೆಯಲೂ ಆಗದು. ಕೀಬೋರ್ಡೇ ಬಗ್ಗಬೇಕು. ಎರಡರಲ್ಲೂ ಅದೇ ‘ಎ’, ಅಂದರೆ ಬಿಳಿ ಆರನ್ನು ಹಿಡಿದು ಕೇಳಿ. ಸದ್ದು ಅಲೆಅಲೆಯಾಗಿ ಏಳುತ್ತದೆ. ಸೆಕೆಂಡಿಗೆ ನಾಲ್ಕು ಅಲೆ ಎಂದರೆ ನಾಲ್ಕು ಹರ್ಟ್ಸ್ ವ್ಯತ್ಯಾಸ. ಮಾಸ್ಟರ್ ಟ್ಯೂನ್ ಸರಿಸುತ್ತಾ ಅಲೆ ನಿಂತ ಕಡೆ ನಿಲ್ಲಿಸಿ, ತೆರೆಯ ಮೇಲಿನ ಸಂಖ್ಯೆ ನೋಡಿ ಮಾಡ್ಯೂಲಿನಲ್ಲೂ ಅಷ್ಟೇ ಇಡಿ. ಟ್ಯೂನಿಂಗ್ ಸುದ್ದಿ ಮನೆಗಳ ಜೊತೆ ದಾಟಿಹೋಗುವುದಿಲ್ಲ.

ಪ್ರ: ಕೀಬೋರ್ಡಿನಲ್ಲಿ ವಾಯ್ಸ್ ಬದಲಿಸಿದರೆ ಪ್ಯಾಡಿನ ಕಿಟ್ಟೂ ಬದಲಾಗುತ್ತದೆ.
– ಶಿಡ್ಲಘಟ್ಟ

ಉ: ಅದು ‘ಪ್ರೋಗ್ರಾಂ ಚೇಂಜ್’, ಅಂದರೆ ‘ಸದ್ದು ಬದಲಿಸು’ ಎಂಬ ಸುದ್ದಿ. ಕೀಬೋರ್ಡಿನಲ್ಲಿ ಅದನ್ನು ಕಳಿಸುವುದನ್ನು, ಇಲ್ಲವೇ ಪ್ಯಾಡಿನಲ್ಲಿ ಕೇಳುವುದನ್ನು ಆಫ್ ಮಾಡಿ. ಬೇಕೆಂದೇ ಬಳಸುವವರು ನೆನಪಿಡಬೇಕಾದದ್ದು: ಕೆಲವು ವಾದ್ಯಗಳು 0ಯಿಂದ ಎಣಿಸುತ್ತವೆ, ಕೆಲವು 1ರಿಂದ. ಜನರಲ್ ಮಿಡಿ ಪಟ್ಟಿಯ 112ನೇ ಶಹನಾಯ್ ಕೇಬಲ್ಲಿನಲ್ಲಿ ಹೋಗುವಾಗ 111.

ಪ್ರ: ಕೀಬೋರ್ಡಿನ ಸ್ಟೈಲ್ (ತಾನೇ ಓಡುವ ರಿದಂ) ನಿಮಿಷಕ್ಕೆ 120 ಪೆಟ್ಟು, ಪ್ಯಾಡಿನ ಲೂಪೂ (ಮರಳಿ ಮರಳಿ ನುಡಿಯುವ ತುಣುಕು) 120. ಒಟ್ಟಿಗೆ ಶುರು ಮಾಡುತ್ತೇವೆ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ತಾಳ ಬಿಟ್ಟುಹೋಗುತ್ತದೆ.
– ಆರ್ಕೆಸ್ಟ್ರಾ ತಂಡ, ಗೌರಿಬಿದನೂರು

ಉ: ತೆರೆಯ ಮೇಲೆ 120 ಎಂದಿದ್ದರೂ ಒಂದು 120.0, ಇನ್ನೊಂದು 120.1 ಇದ್ದರೆ ಐದು ನಿಮಿಷಕ್ಕೆ ಅರ್ಧ ಪೆಟ್ಟು ತಪ್ಪುತ್ತದೆ. ಇಬ್ಬರ ಬೆರಳು ಒಂದೇ ಕ್ಷಣಕ್ಕೆ ಬೀಳದಿರುವುದು ಬೇರೆ. ತಾಳ ಹಾಕುವವರು ಒಬ್ಬರೇ ಇರಬೇಕು. ಕೀಬೋರ್ಡಿನಲ್ಲಿ ‘ಕ್ಲಾಕ್ ಟ್ರಾನ್ಸ್‌ಮಿಟ್’ ಆನ್, ಪ್ಯಾಡಿನಲ್ಲಿ ‘ಸಿಂಕ್’ ಎಂಬಲ್ಲಿ ‘ಮಿಡಿ’ ಅಥವಾ ‘ಎಕ್ಸ್‌ಟರ್ನಲ್’, ಕೀಬೋರ್ಡ್ ಔಟ್‌ನಿಂದ ಪ್ಯಾಡ್ ಇನ್‌ಗೆ ಕೇಬಲ್. ಒಂದು ಪೆಟ್ಟಿಗೆ 24 ಸಲ ಕೀಬೋರ್ಡ್ ಸನ್ನೆ ಕೊಡುತ್ತದೆ, ಸ್ಟಾರ್ಟ್–ಸ್ಟಾಪ್ ಕೂಡ ಹೋಗುತ್ತದೆ. ಎರಡರಲ್ಲೂ ಎಕ್ಸ್‌ಟರ್ನಲ್ ಇಟ್ಟರೆ ಎರಡೂ ಪರಸ್ಪರ ಕಾಯುತ್ತಾ ಕೂರುತ್ತವೆ. ಆದರೆ ನಿಮ್ಮ ಲೂಪ್ ರೆಕಾರ್ಡ್ ಮಾಡಿ ತುಂಬಿದ ವೇವ್ ಫೈಲ್ ಆಗಿದ್ದು, ಪ್ಯಾಡಿಗೆ ಅದನ್ನು ಹಿಗ್ಗಿಸಿ ಕುಗ್ಗಿಸುವ ಶಕ್ತಿ ಇಲ್ಲದಿದ್ದರೆ ಯಾವ ಕ್ಲಾಕೂ ಕೆಲಸಕ್ಕೆ ಬಾರದು. ಆಗ ಲೂಪ್ ಬಿಟ್ಟು ಕೈಯಲ್ಲೇ ನುಡಿಸಿ. ಕೇಳುವವರಿಗೂ ಅದೇ ಚೆಂದ.

ಪ್ರ: ಜಾತ್ರೆ ಕಾರ್ಯಕ್ರಮದಲ್ಲಿ ಕೀಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ಹಾಕಿದ ತಕ್ಷಣ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ. ಮೈಕ್ ಸೆಟ್‌ನವರು ಪ್ಲಗ್ಗಿನ ಮೂರನೇ ಪಿನ್ ಮುರಿಯಿರಿ ಎನ್ನುತ್ತಾರೆ.
– ಶಿರಾ

ಉ: ಮುರಿಯಬೇಡಿ. ಅದು ಅರ್ಥ್ ಪಿನ್; ಗುಂಯ್ ನಿಂತರೂ, ಯಾವುದೋ ಒಂದು ಉಪಕರಣ ಕೆಟ್ಟ ದಿನ ಮೈಕಿನ ಜಾಲಿಯಲ್ಲೇ ಶಾಕ್ ಹೊಡೆಯುತ್ತದೆ.

ಮೊದಲು ಸದ್ದು ಯಾವುದೆಂದು ಕೇಳಿ. ದಪ್ಪಗೆ ಒಂದೇ ಸಮ ಗುಂಯ್ ಎಂದರೆ ಅರ್ಥ್ ಲೂಪ್: ಲ್ಯಾಪ್‌ಟಾಪ್ ಒಂದು ಕಡೆಯ ಅರ್ಥ್‌ಗೆ, ಮಿಕ್ಸರ್ ಇನ್ನೊಂದು ಕಡೆಯದಕ್ಕೆ ಸೇರಿ, ಕೀಬೋರ್ಡಿನ ವೈರುಗಳ ಮೂಲಕ ಸುತ್ತು ಪೂರ್ತಿಯಾಗಿದೆ. ಕೀಂಯ್ ಎಂಬ ಸಣ್ಣ ದನಿ, ಮೌಸ್ ಅಲ್ಲಾಡಿಸಿದರೆ ಬದಲಾಗುತ್ತದೆ ಎಂದರೆ ಲ್ಯಾಪ್‌ಟಾಪಿನ ಒಳಗಿನ ಕೊಳೆ ಯುಎಸ್‌ಬಿಯಲ್ಲಿ ಹರಿದುಬರುತ್ತಿದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಬಹಳ ಸಲ ಎರಡೂ ನಿಲ್ಲುತ್ತವೆ, ಒಂದೂವರೆ ಗಂಟೆಯ ಕಾರ್ಯಕ್ರಮಕ್ಕೆ ಅದೇ ಸಾಕು. ಆಗದಿದ್ದರೆ ಲ್ಯಾಪ್‌ಟಾಪ್, ಕೀಬೋರ್ಡ್, ಮಿಕ್ಸರ್ ಮೂರಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್. ಅದಕ್ಕೂ ಬಗ್ಗದಿದ್ದರೆ ಕೀಬೋರ್ಡ್–ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ಸದ್ದಿನ ವೈರಿನ ನಡುವೆ ಇಡುವ ಡಬ್ಬಿ) ಇಟ್ಟು ‘ಗ್ರೌಂಡ್ ಲಿಫ್ಟ್’ ಒತ್ತಿ; ಅದು ಸದ್ದಿನ ವೈರಿನ ಅರ್ಥ್ ಸಂಪರ್ಕವನ್ನಷ್ಟೇ ಬಿಡಿಸುತ್ತದೆ, ಪ್ಲಗ್ಗಿನದನ್ನಲ್ಲ.

ಐದು ಪಿನ್ನಿನ ಮಿಡಿಯಲ್ಲಿ ಈ ರಗಳೆ ಇಲ್ಲ. ಅದರ ಇನ್ ಸಾಕೆಟ್ಟಿನ ಹಿಂದೆ ಆಪ್ಟೊಕಪ್ಲರ್ ಎಂಬ ಚಿಪ್ಪಿದೆ; ಸುದ್ದಿ ಬೆಳಕಾಗಿ ದಾಟುತ್ತದೆ, ತಾಮ್ರಕ್ಕೆ ತಾಮ್ರ ತಾಗುವುದಿಲ್ಲ. ನಿಮ್ಮ ಕೀಬೋರ್ಡಿನಲ್ಲಿ ಎರಡೂ ಇದ್ದರೆ ಯುಎಸ್‌ಬಿ ಬಿಟ್ಟು ಇದನ್ನೇ, ಕಂಪ್ಯೂಟರಿಗೆಂದು ಮಾಡಿದ ಆ ಮಿಡಿ–ಯುಎಸ್‌ಬಿ ಕೇಬಲ್ಲಿನ ಮೂಲಕ ಬಳಸಿ.

ಜೊತೆಗೊಂದು ಎಚ್ಚರ: ಗಡಿಬಿಡಿಯಲ್ಲಿ ಅಡಾಪ್ಟರ್ ಅದಲುಬದಲು ಮಾಡಬೇಡಿ. ಬಾಸ್ ಕಂಪನಿಯ 9 ವೋಲ್ಟಿನವುಗಳಲ್ಲಿ ಪಿನ್ನಿನ ನಡು ಮೈನಸ್, ಯಮಹಾದ 12 ವೋಲ್ಟಿನವುಗಳಲ್ಲಿ ನಡು ಪ್ಲಸ್. ತೂತು ಹಿಡಿಸಿತೆಂದು ಚುಚ್ಚಿದರೆ ವಾದ್ಯ ಸುಡುತ್ತದೆ.

ಪ್ರ: ಹಳೇ ಟೇಪ್‌ರೆಕಾರ್ಡರಿನ ಐದು ಪಿನ್ ಕೇಬಲ್ ಮಿಡಿಗೆ ಆಗುತ್ತದೆಯೇ? ನಾವೇ ಬೆಸುಗೆ ಹಾಕಬಹುದೇ?
– ರಿಪೇರಿ ಅಂಗಡಿ, ಮುಳಬಾಗಿಲು

ಉ: ಹೊರಗಿನಿಂದ ಒಂದೇ ಥರ ಕಂಡರೂ ಟೇಪಿನ ಕೇಬಲ್ಲುಗಳಲ್ಲಿ ಕೆಲವಕ್ಕೆ 4, 5ನೇ ಪಿನ್ನಿಗೆ ವೈರೇ ಇರುವುದಿಲ್ಲ, ಕೆಲವು ಒಳಗೆ ಅಡ್ಡಾದಿಡ್ಡಿ ದಾಟಿರುತ್ತವೆ. ಮಲ್ಟಿಮೀಟರಿನಲ್ಲಿ ನೋಡಿಯೇ ಹಾಕಿ.

ನೀವೇ ಮಾಡುವುದು ಸುಲಭ. 180 ಡಿಗ್ರಿಯ ಐದು ಪಿನ್ ಡಿನ್ ಪ್ಲಗ್ ಎರಡು, ಎರಡು ಎಳೆ ಮತ್ತು ಜಾಲರಿ ಇರುವ ಮೈಕ್ ವೈರ್; ನಿಮ್ಮಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ. ಪಿನ್ನುಗಳ ಎಣಿಕೆ ಸಾಲಾಗಿ ಇರುವುದಿಲ್ಲ: ಒಂದು ಬದಿಯಿಂದ 1, 4, 2, 5, 3. ಎಡವುವುದು ಇಲ್ಲೇ. 4ಕ್ಕೆ 4, 5ಕ್ಕೆ 5, ಜಾಲರಿ 2ಕ್ಕೆ 2. 1 ಮತ್ತು 3 ಖಾಲಿ ಬಿಡಿ. ಜಾಲರಿಯನ್ನು ಪ್ಲಗ್ಗಿನ ಲೋಹದ ಮೈಗೆ ತಾಗಿಸಬೇಡಿ. 4–5 ಅದಲುಬದಲಾದರೆ ಏನೂ ಸುಡುವುದಿಲ್ಲ, ಸುದ್ದಿ ಹೋಗುವುದಿಲ್ಲ, ಅಷ್ಟೇ.

ಪ್ರ: ಫೋನಿಗೆ ಜೋಡಿಸಬಹುದೇ?
– ಪಾವಗಡ

ಉ: ಆಂಡ್ರಾಯ್ಡ್ 6ರಿಂದ ಈಚಿನದಾದರೆ ಸಾಮಾನ್ಯವಾಗಿ ಆಗುತ್ತದೆ, ಫೋನಿಗೆ ಓಟಿಜಿ (ಫೋನೇ ಯುಎಸ್‌ಬಿ ಯಜಮಾನನಾಗುವ) ಸೌಲಭ್ಯ ಇರಬೇಕು. ಓಟಿಜಿ ತುಂಡು, ಪ್ರಿಂಟರ್ ಕೇಬಲ್, ಇಷ್ಟೇ ಸಾಮಾನು. ನೋಟಿಫಿಕೇಷನ್‌ನಲ್ಲಿ ಯುಎಸ್‌ಬಿ ಆಯ್ಕೆ ಬಂದರೆ ‘ಚಾರ್ಜಿಂಗ್’ನಿಂದ ‘ಮಿಡಿ’ಗೆ ಬದಲಿಸಬೇಡಿ, ಆ ‘ಮಿಡಿ’ ಫೋನನ್ನೇ ವಾದ್ಯವಾಗಿ ಕಂಪ್ಯೂಟರಿಗೆ ತೋರಿಸಲು ಇರುವುದು. ಸದ್ದನ್ನು ವೈರಿನ ಇಯರ್‌ಫೋನಿನಲ್ಲೇ ಕೇಳಿ, ಬ್ಲೂಟೂತ್‌ನಲ್ಲಿ ಬೆರಳಿಗೂ ಕಿವಿಗೂ ಹೊಂದುವುದಿಲ್ಲ. ನುಡಿಸಲು ಕೂರುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.